ಅಂಚು ಕೊಟ್ಟರೆ ಅಬ್ಬಿ ಉಳಿಯದು

ಬರಹ ಉದ್ದ ಇದೆ. ಒಂದೇ ಸಲಕ್ಕೆ ಓದಲು ಆಗದಿದ್ದರೆ ಅಡಿಕೆ ಸುಲಿಯುವ ಹೊತ್ತಿಗೆ ಮಕ್ಕಳ ಹತ್ತಿರ ಓದಿಸಿ ಕೇಳಿ. ಆದರೆ ಬರುವ ಗ್ರಾಮಸಭೆಗೆ ಮೊದಲು ಓದಿ.

ವಿಷಯ ಇಷ್ಟು. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಬೇಡ್ತಿ ಕೊಳ್ಳದ ಅಂಚಿಗೆ ಜಮೀನಿರುವ ಮೂರು ಮನೆಗೆ ಒಬ್ಬನೇ ದಲ್ಲಾಳಿ ಬಂದು ಹೋಗಿದ್ದಾನೆ. ಮೂರೂ ಕಡೆ ಒಂದೇ ಮಾತು. "ಹೆಗಡೇರೆ, ಈ ಬೇಣದಲ್ಲಿ ಎಂತಾ ಬೆಳೀತೀರಿ? ಹುಲ್ಲು ಕೂಡ ಸರಿ ಬರೂದಿಲ್ಲ. ಪಾರ್ಟಿ ಬೆಂಗಳೂರಿನವ್ರು. ಕೇಳಿದ್ದಷ್ಟು ಕೊಡ್ತಾರೆ." ಒಂದು ಮನೆಯವರು ಯೋಚನೆ ಮಾಡಿ ಹೇಳ್ತೇವೆ ಅಂದಿದ್ದಾರೆ, ಒಂದು ಮನೆಯವರು ಪಹಣಿ ಝೆರಾಕ್ಸ್ ಕೊಟ್ಟಿದ್ದಾರೆ, ಇನ್ನೊಂದು ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದೆ. ಸೊಸೈಟಿಯಲ್ಲಿ, ಹಾಲಿನ ಡೇರಿಯಲ್ಲಿ ನಾಲ್ಕು ಜನ ಸೇರಿದರೆ ಇದೇ ಸುದ್ದಿ. ನನ್ನ ಹತ್ತಿರವೂ ಸುಮಾರು ಜನ ಕೇಳಿದರು, ನೀ ಎಂತಾ ಹೇಳ್ತೆ ಅಂತ. ಒಬ್ಬೊಬ್ಬರಿಗೆ ಒಂದೊಂದು ತರ ಹೇಳುವುದಕ್ಕಿಂತ ಇಲ್ಲೇ ಬರೆಯುತ್ತೇನೆ.

ನನ್ನ ಮಾತು ನೇರ. ಕೊಳ್ಳದ ಅಂಚಿನ ಜಾಗ ಲಾಡ್ಜಿಗೆ, ರೆಸಾರ್ಟಿಗೆ ಕೊಡಬಾರದು. ಮಾರಬಾರದು, ಪಾಲುದಾರಿಕೆ ಅಂತಲೂ ಕೊಡಬಾರದು. ದರ ಕಡಿಮೆ ಅಂತ ನಾನು ಹೀಗೆ ಹೇಳುತ್ತಿಲ್ಲ. ಅಲ್ಲಿ ಮಾರಾಟಕ್ಕೆ ಹೋಗುವ ಸರಕಿನಲ್ಲಿ ಮುಕ್ಕಾಲು ಪಾಲು ಮಾರುವವನದ್ದೇ ಅಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಅಂಚು ಅಂದರೆ ಏನು ಅಂತ ನೋಡುವ. ಬೇಡ್ತಿ ಧಾರವಾಡದ ಕಡೆ ಹುಟ್ಟಿ ಕಲಘಟಗಿ ದಾಟಿ ನಮ್ಮಲ್ಲಿಗೆ ಬರುತ್ತದೆ. ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಎರಡು ಹಂತದಲ್ಲಿ ಬಿದ್ದ ಮೇಲೆ ಅದು ಕೊಳ್ಳದ ಹೊಳೆ. ಜೇನುಕಲ್ಲು ಗುಡ್ಡದ ಮೇಲೆ ನಿಂತವರಿಗೆ ಕಾಣುವುದು ಅದೇ. ಎರಡೂ ಬದಿ ಕಡಿದಾದ ಕಾಡು, ತಳದಲ್ಲಿ ಬಿಳಿ ದಾರದ ಹಾಗೆ ನೀರು. ಪ್ರವಾಸಿಗೆ ಅದು ನೋಟ. ನಮಗೆ ಅದು ಮೇಲಿಂದ ಕೆಳಗೆ ಒಂದರ ಕಾಲ ಮೇಲೊಂದು ನಿಂತಿರುವ ಸಂಸಾರ. ತುದಿಯಲ್ಲಿ ಬೇಣ, ಅದರ ಕೆಳಗೆ ಸೊಪ್ಪಿನಬೆಟ್ಟ, ಬೆಟ್ಟದ ಬುಡದಲ್ಲಿ ಒರತೆ, ಒರತೆಯಿಂದ ಅಬ್ಬಿ, ಅಬ್ಬಿಯ ಕೆಳಗೆ ಮನೆ, ಮನೆಯ ಕೆಳಗೆ ತೋಟ, ತೋಟದ ಕಾದಿಗೆ ಹೋಗಿ ಸೇರುವುದು ಹಳ್ಳಕ್ಕೆ, ಹಳ್ಳ ಹೊಳೆಗೆ. ಮಳೆಗಾಲದ ನೀರನ್ನು ಹಿಡಿದು ಬೇಸಿಗೆವರೆಗೆ ಇಟ್ಟುಕೊಳ್ಳುವ ಕೆಲಸ ಮಾಡುವುದು ಯಾವುದು? ಹುಲ್ಲು ಕೂಡ ಸರಿ ಬರುವುದಿಲ್ಲ ಅಂತ ದಲ್ಲಾಳಿ ಹೇಳಿದ ಆ ಬೇಣವೇ. ಆ ಚಿರೆಕಲ್ಲಿನ ನೆಲ ಸ್ಪಂಜಿನ ಹಾಗೆ. ಮೇಲೆ ಒಣ ಬೋಳು, ಒಳಗೆ ತೂತು, ಸಂದು, ಸುರಂಗ. ನಾಲ್ಕು ತಿಂಗಳು ಕುಡಿದದ್ದನ್ನು ಎಂಟು ತಿಂಗಳು ಹನಿ ಹನಿಯಾಗಿ ಬಿಡುತ್ತದೆ. ಶಿವರಾತ್ರಿ ಕಳೆದ ಮೇಲೂ ನಮ್ಮ ಬಚ್ಚಲ ಹಂಡೆಗೆ ಕರೆಂಟಿಲ್ಲದೆ ನೀರು ಬರುತ್ತದಲ್ಲ, ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ಅದು ಆ 'ಬರಡು' ಬೇಣದ ಬೆಳೆ.

ಹಾಗಾಗಿ ಬೇಣದ ಪಹಣಿ ಒಬ್ಬರ ಹೆಸರಲ್ಲಿ ಇದ್ದರೂ ಅದರ ಫಲ ಉಣ್ಣುವವರು ಕೆಳಗಿನ ಏಳೆಂಟು ಮನೆಯವರು. ಮಾರಾಟ ಪತ್ರದಲ್ಲಿ ಅವರ ಸಹಿ ಇರುವುದಿಲ್ಲ.

"ನೀ ಒಳಗೆ ಹೋಗಿ ನೋಡಿದ್ದೆಯಾ? ಹೊರಗೆ ನಿಂತು ಬೈಯೂದು ಸುಲಭ" ಅಂತ ಒಬ್ಬರು ಡೇರಿಯಲ್ಲಿ ಕೇಳಿದರು. ನೋಡಿದ್ದೇನೆ. ಎರಡು ರಾತ್ರಿ ಉಳಿದಿದ್ದೇನೆ. ಹೋದ ಜನವರಿಯಲ್ಲಿ ಬೆಂಗಳೂರಿನ ನಮ್ಮ ಅಕ್ಕನ ಮಗ ಸಂಸಾರ ಸಮೇತ ಬಂದವ, "ಮಾವಾ, ನೀನೂ ಅತ್ತೆಯೂ ಒಂದು ಸಲ ಬನ್ನಿ, ಜನ್ಮಪೂರ್ತಿ ಅಡಿಕೆ ಚೌಕಿಯಲ್ಲೇ ಕಳೆದಿರಿ" ಅಂತ ಹಟ ಮಾಡಿ ಕರೆದುಕೊಂಡು ಹೋದ. ಕೊಳ್ಳದ ಅಂಚಿನಲ್ಲಿ ಇರುವ ಒಂದು ಲಾಡ್ಜು. ಹೆಸರು ಬೇಡ, ಒಂದರ ಪ್ರಶ್ನೆ ಅಲ್ಲ ಇದು. ರಸ್ತೆಯಿಂದ ಮೂರು ಕಿಲೋಮೀಟರ್ ಅವರ ಜೀಪಿನಲ್ಲೇ ಹೋಗಬೇಕು. ಮೊಬೈಲ್ ಸಿಗ್ನಲ್ ಇಲ್ಲ, ಅದೂ ಒಂದು ಆಕರ್ಷಣೆ ಅಂತ ಬೋರ್ಡಿನಲ್ಲಿ ಬರೆದಿದ್ದಾರೆ. ನಮ್ಮನೆಯಲ್ಲೂ ಸಿಗ್ನಲ್ ಇಲ್ಲ, ಅದಕ್ಕೆ ನಾವು ಎರಡು ಸಲ ಮನವಿ ಕೊಟ್ಟು ಬಂದಿದ್ದೇವೆ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಜಾಗ ಚಂದ ಇದೆ. ಕೋಣೆಯ ಮುಂದಿನ ಗೋಡೆ ಪೂರ್ತಿ ಗಾಜು. ಮಂಚದ ಮೇಲೆ ಕೂತರೆ ಕೊಳ್ಳ ಪೂರ್ತಿ ಕಾಣುತ್ತದೆ. ಸಂಜೆ ಆ ಬದಿಯ ಗುಡ್ಡಕ್ಕೆ ಬಿಸಿಲು ತಾಗಿ ಕೆಂಪಾಗುವಾಗ ನನ್ನ ಹೆಂಡತಿ ಮಾತಾಡದೆ ಅರ್ಧ ಗಂಟೆ ಕೂತಿದ್ದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಆ ಹೊತ್ತಿಗೆ ಕೈಕಟ್ಟಿ ಕೂತದ್ದನ್ನು ನಾನು ನೋಡಿರಲಿಲ್ಲ, ಅದು ದನ ಕಟ್ಟುವ ಹೊತ್ತು. ಬಂದ ಜನರೂ ಕೆಟ್ಟವರಲ್ಲ. ಒಬ್ಬ ತಾಯಿ ತನ್ನ ಮಗುವಿಗೆ ಮಂಗಟ್ಟೆ ಹಾರುವುದನ್ನು ತೋರಿಸುತ್ತ, ರೆಕ್ಕೆಯ ಸದ್ದು ಕೇಳು ಅಂತ ಪಿಸುಗುಡುತ್ತಿದ್ದಳು. ದುಡಿದು ದಣಿದವರು ಎರಡು ದಿನ ಉಸಿರಾಡಲು ಬರುತ್ತಾರೆ. ಅವರ ಮೇಲೆ ನನ್ನ ತಕರಾರು ಏನೂ ಇಲ್ಲ.

ತಕರಾರು ಕಟ್ಟಡದ ಮೇಲೆ. ರೈತನಿಗೆ ಲಾಡ್ಜಿಗೆ ಹೋದರೂ ಐದಕ್ಕೆ ಎಚ್ಚರ ಆಗುತ್ತದೆ. ಬೆಳಕು ಹರಿಯುವಾಗ ಎದ್ದು ಸುತ್ತ ಒಂದು ತಿರುಗಿದೆ. ಮುಂದೆ ಗಾಜು, ಹೂಗಿಡ. ಹಿಂದೆ ಹೋದರೆ ಜೆಸಿಬಿಯಲ್ಲಿ ಗುಡ್ಡ ಕಡಿದ ಧರೆ, ಎರಡು ಆಳೆತ್ತರ ಇರಬಹುದು, ನೆಟ್ಟಗೆ ನಿಂತಿದೆ. ಅದಕ್ಕೆ ಕಟ್ಟಿದ ಕಾಂಕ್ರೀಟ್ ಗೋಡೆಯಲ್ಲಿ ನೀರು ಹೊರಗೆ ಬರಲು ಒಂದು ತೂತಿಲ್ಲ. ನಾವು ತೋಟಕ್ಕೆ ಕಲ್ಲು ಕಟ್ಟುವಾಗ ಕೂಡ ಸಂದು ಬಿಟ್ಟು ಕಟ್ಟುತ್ತೇವೆ, ಒಳಗಿನ ನೀರು ಒತ್ತಿದರೆ ಕಟ್ಟೆಯೇ ಬೀಳುತ್ತದೆ ಅಂತ ನಮ್ಮ ಆಳುಗಳಿಗೂ ಗೊತ್ತು. ಕಡಿದ ಮಣ್ಣು ಎಲ್ಲಿ ಹೋಯಿತು ಅಂತ ಹುಡುಕಿದರೆ ಅಂಚಿನಿಂದ ಕೆಳಗೆ ದೂಡಿದ್ದಾರೆ. ಬೆಟ್ಟದ ಮೈಮೇಲೆ ಕೆಂಪು ಗಾಯದ ಹಾಗೆ ಅದು ಜಾರಿಕೊಂಡು ಹೋದ ಗುರುತು. ನೋಟಕ್ಕೆ ಅಡ್ಡ ಆಗುತ್ತದೆ ಅಂತ ಮುಂದಿನ ಮತ್ತಿ, ನೇರಳೆ, ಹೊನ್ನೆ ಕಡಿದಿದ್ದಾರೆ, ಬುಡ ಹಾಗೇ ಇದೆ. ಅಡುಗೆಮನೆಯ ಪೈಪು ಒಂದು ಕಡೆ ಗಿಡದೊಳಗೆ ಹೋಗಿ ಅಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಅದು ಗುಡ್ಡದ ಜವಾಬ್ದಾರಿ. ಈಜುಕೊಳ ಒಂದು, ಅಂಚಿಗೆ ತಾಗಿಸಿ ಕಟ್ಟಿದ್ದು, ಅದರ ನೀರು ಕೊಳ್ಳಕ್ಕೇ ಸೇರಿದೆಯೋ ಅನ್ನುವ ಹಾಗೆ ಕಾಣಬೇಕಂತೆ.

ಬೆಳಿಗ್ಗೆ ಚಾ ಕುಡಿಯುವಾಗ ಅಲ್ಲಿನ ಮ್ಯಾನೇಜರ್ ಬಂದ. ಹುಬ್ಬಳ್ಳಿ ಕಡೆಯ ಹುಡುಗ, ಮರ್ಯಾದಸ್ಥ. "ಸರ್, ಇಲ್ಲಿ ನಿಂತ್ರ ಒಂದು ಮನೀ ಸೈತ ಕಾಣಂಗಿಲ್ಲ ನೋಡ್ರಿ. ಗೆಸ್ಟ್ ಬರೋದ ಇದಕ್ಕ" ಅಂದ. ನಾನು ನೋಡಿದೆ. ಕೊಳ್ಳದ ಮಧ್ಯ ಅಲ್ಲಲ್ಲಿ ಕಾಡಿನ ಕಡುಹಸಿರಿನ ನಡುವೆ ತಿಳಿಹಸಿರು ಪಟ್ಟಿ, ಅದು ಅಡಿಕೆ ತೋಟ. ಪಟ್ಟಿಯ ಮೇಲಿನ ತುದಿಯಲ್ಲಿ ತೆಳ್ಳಗೆ ನೀಲಿ ಹೊಗೆ, ಅದು ಬಚ್ಚಲ ಒಲೆ. ಏಳು ಕಡೆ ಎಣಿಸಿದೆ. ಎರಡು ಮನೆಯವರ ಹೆಸರು ನನಗೆ ಗೊತ್ತು, ಒಂದು ಮನೆಯ ಹುಡುಗಿಯ ಮದುವೆಗೆ ಊಟ ಬಡಿಸಿ ಬಂದಿದ್ದೇನೆ. ಪಕ್ಕದ ಕೋಣೆಯವರು ಆ ಹೊಗೆಯನ್ನು ಮಂಜು ಅಂತ ಫೋಟೋ ತೆಗೆಯುತ್ತಿದ್ದರು.

ನನಗೆ ಹೆಚ್ಚು ತಾಗಿದ್ದು ಇದು. ಒಂದೂ ಮನೆ ಕಾಣುವುದಿಲ್ಲ ಅಂತ ಹಣ ಕೊಡುತ್ತಾರೆ. ಮನೆ ಕಾಣುವುದಿಲ್ಲ ಅಂದ ಮೇಲೆ ಆ ಅಡುಗೆಮನೆಯ ಪೈಪು ಯಾರ ಅಬ್ಬಿಯ ತಲೆ ಮೇಲೆ ಬಿಟ್ಟಿದ್ದೇವೆ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಕಟ್ಟಿದವನು ಬೇರೆ ಊರಿನಲ್ಲಿ, ನಡೆಸುವವನು ಸಂಬಳಕ್ಕೆ, ಉಳಿಯುವವನು ಭಾನುವಾರ ಮಧ್ಯಾಹ್ನ ಹೊರಟ. ಸೋಮವಾರ ಆ ನೀರು ಕುಡಿಯುವವನು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಈಗ ನೀರಿನ ಲೆಕ್ಕ. ಭಾವನೆ ಬೇಡ, ಅಂಕಿಯಲ್ಲೇ ಮಾತಾಡುವ. ಹೋಟೆಲು ಕಟ್ಟುವಾಗ ನೀರಿಗೆ ಬಳಸುವ ಭಾರತೀಯ ಮಾನಕ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಹಿಡಿಯುತ್ತದೆ. ಮನೆಬಳಕೆಗೆ ತಲೆಗೆ 135 ಲೀಟರ್. 20 ಕೋಣೆ, ಕೋಣೆಗೆ ಇಬ್ಬರು ಅಂದರೆ 7,200 ಲೀಟರ್. ಬೇಸಿಗೆಯಲ್ಲಿ ಡ್ರಿಪ್ಪಿನಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಅಂತ ಶಿಫಾರಸು ಇದೆ. ಹಾಗಾದರೆ ಲಾಡ್ಜಿನ ಒಂದು ದಿನದ ನೀರು ಹೆಚ್ಚು ಕಮ್ಮಿ 400 ಮರದ ನೀರು. ಮುಕ್ಕಾಲು ಎಕರೆ ತೋಟ. ಈಜುಕೊಳ 12 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ ಅಂತ ಹಿಡಿದರೆ ಒಂದು ಸಲ ತುಂಬಲು 72,000 ಲೀಟರ್. ಅಂದರೆ ಇಡೀ ಲಾಡ್ಜಿನ ಹತ್ತು ದಿನದ ನೀರು ಒಂದೇ ಸಲಕ್ಕೆ.

"ಮುಕ್ಕಾಲು ಎಕರೆಯ ನೀರು ಎಂತಾ ದೊಡ್ಡದು? ನಾವೇ ಹೊಸ ತೋಟ ಹಾಕಿ ಅದಕ್ಕಿಂತ ಹೆಚ್ಚು ಎತ್ತುವುದಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಎತ್ತುತ್ತೇವೆ. ಗದ್ದೆಗೆ, ಗುಡ್ಡಕ್ಕೆ ಅಡಿಕೆ ಹಬ್ಬಿಸಿ ಹಳ್ಳ ಒಣಗಿಸುವ ನಮ್ಮವರ ಕೆಲಸವೂ ಚರ್ಚೆ ಆಗಬೇಕಾದ್ದೇ. ಆದರೆ ಇಲ್ಲಿ ಎರಡು ವ್ಯತ್ಯಾಸ ಇದೆ. ಒಂದು, ನಾವು ಎತ್ತುವುದು ಕೆಳಗೆ, ಎಲ್ಲರ ಅಬ್ಬಿ ದಾಟಿ ಬಂದ ನೀರು. ಅವರು ಬೋರು ಹೊಡೆಯುವುದು ತಲೆಯಲ್ಲಿ, ಅಬ್ಬಿ ಹುಟ್ಟುವ ಮೊದಲೇ. ಗಡಿಗೆಯ ಬುಡಕ್ಕೆ ತೂತಾದರೆ ನೀರು ಉಳಿಯುತ್ತದೆಯೇ ಅಂತ ಯಾರೂ ಅಳತೆ ಹಿಡಿದು ನೋಡುವುದಿಲ್ಲ. ಎರಡು, ತೋಟಕ್ಕೆ ಹಾಕಿದ ನೀರು ಮಣ್ಣಿಗೆ ಹೋಗುತ್ತದೆ, ಬೇರು ಕುಡಿಯುತ್ತದೆ. ಲಾಡ್ಜಿನಲ್ಲಿ ಬಳಸಿದ ನೀರು ಸೋಪು, ಫಿನೈಲು, ಪಾಯಿಖಾನೆ ಹೊತ್ತುಕೊಂಡು ಅದೇ ಚಿರೆಕಲ್ಲಿನ ತೂತಿನಲ್ಲಿ ಇಳಿಯುತ್ತದೆ. ಮೇಲೆ ಹೊಂಡ ತೋಡಿ ಇಂಗಿಸಿದ್ದು ಕೆಳಗೆ ಯಾರ ಅಬ್ಬಿಯಲ್ಲಿ ಎದ್ದು ಬರುತ್ತದೆ ಅಂತ ಚಿರೆಕಲ್ಲು ಯಾರಿಗೂ ಚೀಟಿ ಬರೆದು ಕೊಡುವುದಿಲ್ಲ.

ಇನ್ನು ಗುಡ್ಡದ ವಿಷಯ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ನಮ್ಮದೇ ಜನ ಅನುಭವಿಸಿದ್ದು. 2021ರ ಜುಲೈ ಮಳೆಗೆ ನಮ್ಮ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿತು. ತೋಟಗಳು ಮಣ್ಣಿನಡಿ ಹೋದವು, ತಲೆತಲಾಂತರದಿಂದ ಇದ್ದವರು ಊರು ಬಿಡುವ ಮಾತಾಡುವ ಹಾಗಾಯಿತು. ಅದೇ ಮಳೆಗೆ ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಬಂದಾಯಿತು. ಕಳಚೆಯಲ್ಲಿ ಯಾವ ರೆಸಾರ್ಟೂ ಇರಲಿಲ್ಲ. ನನ್ನ ಎದುರಾಳಿಗಳು ಇದನ್ನೇ ಎತ್ತಿ ಹೇಳುತ್ತಾರೆ, "ರೆಸಾರ್ಟ್ ಇಲ್ಲದಲ್ಲೂ ಗುಡ್ಡ ಬಿತ್ತಲ್ಲ, ಹಾಗಾದ್ರೆ ಇದಕ್ಕೂ ಅದಕ್ಕೂ ಏನು ಸಂಬಂಧ?" ಸಂಬಂಧ ಇದೇ. ಯಾರೂ ಮುಟ್ಟದಿದ್ದರೂ ಒಂದು ದೊಡ್ಡ ಮಳೆಗೆ ಜಾರುವಷ್ಟು ಸೂಕ್ಷ್ಮ ಇರುವ ಗುಡ್ಡ ಅದು. ಅಂಥದ್ದರ ತಲೆ ಕಡಿದು, ಬೇರು ಕಿತ್ತು, ಮೇಲೆ ಕಾಂಕ್ರೀಟ್ ಮತ್ತು ಒಂದು ಕೊಳ ನೀರಿನ ಭಾರ ಹೇರುವುದು ಯಾವ ಬುದ್ಧಿ?

ಬುಡ ಕಡಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗುವುದು ಬೇಡ, ಇದೇ ಹೊಳೆಯಗುಂಟ ಇಳಿದು ಹೋಗಿ. ನಮ್ಮ ಬೇಡ್ತಿಯೇ ಘಟ್ಟದ ಕೆಳಗೆ ಗಂಗಾವಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಬಂದು ಚಾದಂಗಡಿ, ಅಲ್ಲಿದ್ದ ಸಂಸಾರ, ನಿಂತಿದ್ದ ಲಾರಿ ಎಲ್ಲವನ್ನೂ ಗಂಗಾವಳಿಗೆ ದೂಡಿತು. ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಿದ್ದರು. ಮಣ್ಣಿಗೆ ರಸ್ತೆಗಾಗಿ ಕಡಿದದ್ದು, ಲಾಡ್ಜಿಗಾಗಿ ಕಡಿದದ್ದು ಅಂತ ಭೇದ ಇಲ್ಲ. ಹೊರೆ ಹೊತ್ತವನ ಕಾಲ ಬುಡದ ಮಣ್ಣು ತೆಗೆದರೆ ಅವ ಬೀಳುತ್ತಾನೆ. ನೀರಿಗೆ ದಾರಿ ಮುಚ್ಚಿದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಗುಡ್ಡದ ಶಾಸ್ತ್ರ ಇಷ್ಟೇ, ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು, ಅದಕ್ಕೇ ಅವರು ಮನೆಯನ್ನು ಅಂಚಿನಲ್ಲಿ ಕಟ್ಟಲಿಲ್ಲ. ಅವರಿಗೆ ನೋಟ ಬೇಡವಾಗಿತ್ತು ಅಂತಲ್ಲ.

ಕಾನೂನು ಕಾಯುತ್ತದೆ ಅಂತ ಸುಮ್ಮನೆ ಕೂರಬೇಡಿ. ಒಂದೊಂದಾಗಿ ನೋಡಿ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಅಂತ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಅಂತ ಕಲಂ ಇದ್ದವು. 2020ರಲ್ಲಿ ತಿದ್ದುಪಡಿ ತಂದು ತೆಗೆದರು. ಈಗ ದುಡ್ಡಿದ್ದವ ಕೊಳ್ಳಬಹುದು. ಅಡ್ಡಿ ಇರುವುದು ಬಳಕೆ ಬದಲಾಯಿಸುವಾಗ, ಭೂಪರಿವರ್ತನೆಗೆ ಅರ್ಜಿ ಹಾಕುವಾಗ. ಆ ಅರ್ಜಿ ಯಾವಾಗ ಹೋಯಿತು, ಯಾವಾಗ ಬಂತು ಅಂತ ಕೆಳಗಿನ ಮನೆಯವನಿಗೆ ಗೊತ್ತಾಗುವುದು ಜೆಸಿಬಿ ಸದ್ದು ಕೇಳಿದ ಮೇಲೆ.

ಕಸ್ತೂರಿರಂಗನ್ ವರದಿ ಬಂದರೆ ಎಲ್ಲ ನಿಲ್ಲುತ್ತದೆ ಅಂತ ಕೆಲವರು, ಬಂದರೆ ನಮ್ಮ ಕತೆ ಮುಗಿಯಿತು ಅಂತ ಹಲವರು. ಪರ ವಿರೋಧ ಇರಲಿ. ಆ ಕರಡು ಅಧಿಸೂಚನೆಯಲ್ಲಿ ತಡೆ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಕ್ಕೆ. ಅಂದರೆ ಸುಮಾರು ಐದು ಎಕರೆ ನೆಲಹಾಸು. ನಮ್ಮ ಅಂಚಿಗೆ ಬರುವ ಇಪ್ಪತ್ತು ಕೋಣೆಯ ಲಾಡ್ಜು ಆ ಬಲೆಯ ಕಣ್ಣಿನಲ್ಲಿ ಸಲೀಸಾಗಿ ತೂರಿ ಹೋಗುತ್ತದೆ. ಆ ವರದಿಯ ಹೆಸರು ಹೇಳಿ ನಮ್ಮನ್ನು ಹೆದರಿಸುವವರೂ ಇದನ್ನು ಹೇಳುವುದಿಲ್ಲ, ಅದರ ಮೇಲೆ ಭರವಸೆ ಇಟ್ಟವರೂ ಹೇಳುವುದಿಲ್ಲ.

ಮತ್ತೆ ಸೊಪ್ಪಿನಬೆಟ್ಟ. ಇದು ಮುಖ್ಯ, ಸರಿಯಾಗಿ ಕೇಳಿ. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಸೊಪ್ಪು, ದರಕು, ಒಣಗಿದ ಕಟ್ಟಿಗೆ ತರುವ ಹಕ್ಕು. ನೆಲ ನಮ್ಮದಲ್ಲ, ಸರ್ಕಾರದ್ದು. ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ದಲ್ಲಾಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಅವನು ಮಾತಾಡುವಾಗ "ಎರಡು ಎಕರೆ ಮಾಲ್ಕಿ, ಜೊತೆಗೆ ಹತ್ತೆಕರೆ ಬೆಟ್ಟದ ವ್ಯೂ" ಅನ್ನುತ್ತಾನೆ. ಪತ್ರದಲ್ಲಿ ಎರಡು ಎಕರೆ ಬರುತ್ತದೆ, ದರ ಮಾತ್ರ ಹನ್ನೆರಡು ಎಕರೆಯದ್ದು. ನೋಟಕ್ಕೆ ಅಡ್ಡ ಅಂತ ಕಡಿದ ಮತ್ತಿ ಮರ ನಿಂತಿದ್ದದ್ದು ಮಾಲ್ಕಿಯಲ್ಲೋ ಬೆಟ್ಟದಲ್ಲೋ ಅಂತ ನಾಳೆ ಅರಣ್ಯ ಇಲಾಖೆಯವರು ಬಂದು ಕೇಳಿದರೆ ಬೆಟ್ಟದ ಖಾತೆಯಲ್ಲಿ ಹೆಸರಿರುವವನು ಉತ್ತರ ಕೊಡಬೇಕು. ಆ ಹೆಸರು ಬೆಂಗಳೂರಿನವರದ್ದಲ್ಲ, ನಿಮ್ಮದು. ಬೆಟ್ಟ ಹಾಳು ಮಾಡಿದರು ಅಂತ ಈ ಸವಲತ್ತೇ ಹೋದರೆ ಮುಂದೆ ಸೊಪ್ಪಿಗೆ ಎಲ್ಲಿಗೆ ಹೋಗುತ್ತೀರಿ? ಕೊಟ್ಟಿಗೆಗೆ ದರಕು ಇಲ್ಲ ಅಂದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲ ಅಂದರೆ ತೋಟ ಎಷ್ಟು ದಿನ?

ಇಷ್ಟು ಹೇಳಿದ ಮೇಲೆ ಬರುವ ಉತ್ತರ ನನಗೆ ಗೊತ್ತು. "ನೀನು ಹೇಳ್ತೆ, ಸರಿ. ಆದ್ರೆ ತೋಟ ಹಿಡ್ಕಂಡು ಬದುಕೂದು ಹೇಗೆ? ಎಲೆಚುಕ್ಕೆ ರೋಗ ಬಂದು ಮರದ ತಲೆ ಸುಟ್ಟ ಹಾಗಾಗಿದೆ. ಮೈಲುತುತ್ತು ಮೂರು ಸಲ ಹೊಡೆದರೂ ಕೊಳೆ ಬಿಡೂದಿಲ್ಲ. ಮಂಗ ಕಾಯಿ ಉಳಿಸೂದಿಲ್ಲ. ಕೊನೆಗೌಡ ಸಿಕ್ಕೂದಿಲ್ಲ. ಮಗ ಬೆಂಗಳೂರು ಬಿಟ್ಟು ಬರೂದಿಲ್ಲ. ಈ ಬೇಣ ಇಟ್ಕಂಡು ಎಂತಾ ಮಾಡ್ಲಿ?" ಹೀಗೆ ಹೇಳುವವರು ದುರಾಸೆಯವರಲ್ಲ, ದಣಿದವರು. ಒಂದು ಮನೆಯಲ್ಲಿ ಆಸ್ಪತ್ರೆ ಸಾಲ ಇದೆ. ಅದನ್ನು ತಿಳಿಯದೆ "ಮಾತೃಭೂಮಿ ಮಾರಬೇಡಿ" ಅಂತ ಭಾಷಣ ಮಾಡುವ ಹಕ್ಕು ನನಗೂ ಇಲ್ಲ, ಯಾರಿಗೂ ಇಲ್ಲ.

ಆದರೆ ದಣಿವಿಗೆ ಇದು ಮದ್ದಲ್ಲ. ಊರಿಗೆ ಉದ್ಯೋಗ ಬರುತ್ತದೆ ಅನ್ನುತ್ತಾರೆ. ನಾನು ಉಳಿದ ಲಾಡ್ಜಿನಲ್ಲಿ ಅಡುಗೆಯವರು ಹೊರರಾಜ್ಯದ ಹುಡುಗರು, ಬಡಪಾಯಿಗಳು, ಎರಡು ವರ್ಷದಿಂದ ಮನೆ ನೋಡದವರು. ಸುತ್ತಲ ಊರಿನವರು ಇದ್ದದ್ದು ಮೂರೇ ಜನ. ಇಬ್ಬರು ಹೆಂಗಸರು ಕೋಣೆ ಗುಡಿಸಲಿಕ್ಕೆ, ಒಬ್ಬ ಗೇಟಿಗೆ. ಗೇಟಿನಲ್ಲಿ ಇದ್ದವನಿಗೆ ಆ ಬದಿಯಲ್ಲಿ ಒಂದು ಎಕರೆ ತೋಟ ಇತ್ತಂತೆ. ಎಲ್ಲಿ ಅಂತ ಕೇಳಿದೆ. ಕೈ ಎತ್ತಿ ಈಜುಕೊಳದ ಹಿಂದೆ ತೋರಿಸಿದ. ಮಾರಿದ ದುಡ್ಡು ಏನಾಯಿತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಗ ಬರುವುದಿಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ಅಬ್ಬಿ ಬತ್ತಿದ ಮೇಲೆ, ರಾತ್ರಿ ಹನ್ನೆರಡರವರೆಗೆ ಮೇಲಿಂದ ಹಾಡು ಕೇಳುವ ಮನೆಗೆ, ಮಳೆಗಾಲದಲ್ಲಿ ಗುಡ್ಡದ ಕಡೆ ಕಿವಿಗೊಟ್ಟು ಮಲಗಬೇಕಾದ ಮನೆಗೆ ಅವನು ಬರುತ್ತಾನಾ? ಬರಬಹುದಾದ ಒಬ್ಬಿಬ್ಬರ ದಾರಿಯನ್ನೂ ನಾವೇ ಮುಚ್ಚುತ್ತಿದ್ದೇವೆ.

ಹಾಗಾದರೆ ಪ್ರವಾಸಿಗಳೇ ಬೇಡವಾ? ಬರಲಿ. ಧಾರಾಳ ಬರಲಿ. ಆದರೆ ನಮ್ಮ ಮನೆಗೆ ಬರಲಿ. ನಮ್ಮ ಊರಿನಲ್ಲಿ ಎಷ್ಟು ಮನೆಯಲ್ಲಿ ಎಷ್ಟು ಕೋಣೆ ಖಾಲಿ ಇದೆ ಲೆಕ್ಕ ಹಾಕಿ. ಎಂಟಂಕಣದ ಮನೆಯಲ್ಲಿ ಆಯಿ ಒಬ್ಬಳೇ ದೀಪ ಹಚ್ಚುತ್ತಾಳೆ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು, ಕೋಣೆಗೆ ಮಿತಿ ಇರಬೇಕು ಅಂತ ನಿಯಮ ಇದೆ. ಆ ನಿಯಮ ನಮ್ಮಂಥವರಿಗಾಗಿ ಮಾಡಿದ್ದು. ಇದ್ದ ಮನೆಯಲ್ಲಿ ಎರಡು ಕೋಣೆ ಸರಿ ಮಾಡಿ, ಒಂದು ಒಳ್ಳೆಯ ಬಚ್ಚಲು ಕಟ್ಟಿ, ತೊಡದೇವು, ತಂಬುಳಿ ಬಡಿಸಿ, ಬೆಳಿಗ್ಗೆ ಅವರನ್ನು ಅಂಚಿನವರೆಗೆ ನಡೆಸಿಕೊಂಡು ಹೋಗಿ ನೋಟ ತೋರಿಸಿ ಕರೆದುಕೊಂಡು ಬನ್ನಿ. ಅಂಚಿಗೆ ಹೋಗಿ ಬರಲಿ, ಅಂಚಿನಲ್ಲಿ ಮನೆ ಮಾಡುವುದು ಬೇಡ. ಮಾಗೋಡಿಗೆ, ಜೇನುಕಲ್ಲು ಗುಡ್ಡಕ್ಕೆ ಬರುವ ಸಾವಿರ ಜನ ನೋಡಿ ಹೋಗುವುದು ಹಾಗೇ ಅಲ್ಲವಾ? ಇದರಲ್ಲಿ ಕೋಟಿ ಬರುವುದಿಲ್ಲ. ವರ್ಷದಲ್ಲಿ ಔಷಧಿ ಖರ್ಚು, ಕೂಲಿ ಖರ್ಚು ಹೊರಟರೆ ಸಾಲದೇ? ಮನೆಯೊಡತಿಯ ಮೇಲೆ ಕೆಲಸದ ಹೊರೆ ಬೀಳುತ್ತದೆ ಅನ್ನುವುದು ನಿಜ. ಗಂಡಸರು ಕವಳ ಹಾಕಿ ಅತಿಥಿಗಳ ಜೊತೆ ಹರಟೆ ಹೊಡೆಯುವುದನ್ನೇ ದುಡಿಮೆ ಅಂದುಕೊಂಡರೆ ಈ ಯೋಜನೆ ಒಂದು ವರ್ಷವೂ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಮಾತು, ಸ್ವಲ್ಪ ಹಳೆಯದು. ಈ ಕೊಳ್ಳ ಇವತ್ತು ನೋಟಕ್ಕೆ ಉಳಿದಿರುವುದು ತನ್ನಷ್ಟಕ್ಕೆ ಅಲ್ಲ. ಬೇಡ್ತಿಗೆ ಅಣೆಕಟ್ಟು ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ ನಮ್ಮ ಹಿರಿಯರು ಬರೀ ಘೋಷಣೆ ಕೂಗಲಿಲ್ಲ. 1981ರಲ್ಲಿ ಶಿರಸಿಯಲ್ಲಿ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಆ ಯೋಜನೆಯ ಲಾಭ ನಷ್ಟದ ಲೆಕ್ಕವನ್ನೇ ಬಿಚ್ಚಿಟ್ಟರು. ಮುಳುಗುವ ಕಾಡಿನ ಬೆಲೆ, ತೋಟದ ಬೆಲೆ, ಮಣ್ಣಿನ ಬೆಲೆ ಸೇರಿಸಿದರೆ ಲಾಭ ಎಲ್ಲಿದೆ ಅಂತ ಕೇಳಿದರು. ಯೋಜನೆ ನಿಂತಿತು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕೊಡಲಿ ತಡೆದರು. ಈಗ ಬೇಡ್ತಿ–ವರದಾ ಜೋಡಣೆ ಅಂದಾಗಲೂ ನಾವೆಲ್ಲ ಟ್ರ್ಯಾಕ್ಸು ಮಾಡಿಕೊಂಡು ಸಭೆಗೆ ಹೋಗುತ್ತೇವೆ, ಹೊಳೆ ನಮ್ಮ ಉಸಿರು ಅನ್ನುತ್ತೇವೆ. ಸರ್ಕಾರ ಒಂದೇ ಸಲಕ್ಕೆ ಕೇಳಿದರೆ ಕೊಡೆವು ಅಂದ ಕೊಳ್ಳವನ್ನು ದಲ್ಲಾಳಿ ಗುಂಟೆ ಲೆಕ್ಕದಲ್ಲಿ ಕೇಳಿದರೆ ಕೊಡುತ್ತೇವಾ? ಮೇಲಿಂದ ಲಾಡ್ಜಿನ ಸಾಲು ಎದ್ದ ಮೇಲೆ ನಾಳೆ ಸಭೆಯಲ್ಲಿ ನಮ್ಮ ಮಾತಿಗೆ ಎಷ್ಟು ತೂಕ ಇರುತ್ತದೆ? "ನೀವೇ ಮಾರಿದ್ದೀರಲ್ಲ" ಅಂತ ಒಬ್ಬ ಅಧಿಕಾರಿ ಕೇಳಿದರೆ ಮುಖ ಎತ್ತಲು ಆಗುತ್ತದಾ?

ಹಾಗಾಗಿ ಬರುವ ಗ್ರಾಮಸಭೆಯಲ್ಲಿ ಈ ನಾಲ್ಕು ವಿಷಯ ನಾನು ಎತ್ತುತ್ತೇನೆ. ನೀವು ಕೂತು ಯೋಚಿಸಿ ಬನ್ನಿ.

1. ಕೊಳ್ಳದ ಅಂಚಿನಲ್ಲಿ, ಒರತೆ ಮತ್ತು ಅಬ್ಬಿಯ ಮೇಲ್ಭಾಗದಲ್ಲಿ ಯಾವ ವಾಣಿಜ್ಯ ಕಟ್ಟಡಕ್ಕೂ ಪಂಚಾಯಿತಿ ಪರವಾನಗಿ ಕೊಡಬಾರದು ಅಂತ ಠರಾವು ಆಗಬೇಕು. ಕಟ್ಟಡದ ಪರವಾನಗಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಪಂಚಾಯಿತಿಗೇ ಇದೆ. ಕೊಡುವ ಅಧಿಕಾರ ಇದ್ದವನಿಗೆ ಪ್ರಶ್ನೆ ಕೇಳುವ ಅಧಿಕಾರವೂ ಇದೆ.

2. ನಮ್ಮ ಪಂಚಾಯಿತಿಯ ಎಲ್ಲ ಅಬ್ಬಿ, ಒರತೆಗಳ ಪಟ್ಟಿ ಆಗಬೇಕು. ಯಾವ ಅಬ್ಬಿ ಎಷ್ಟು ಮನೆಗೆ, ಏಪ್ರಿಲ್ ಕೊನೆಗೆ ಕೊಡಪಾನ ತುಂಬಲು ಎಷ್ಟು ನಿಮಿಷ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಇದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ನಾಳೆ ಕೋರ್ಟಿಗೆ ಹೋದರೂ ಬಾಯಿಮಾತು ನಿಲ್ಲುವುದಿಲ್ಲ, ಪಟ್ಟಿ ನಿಲ್ಲುತ್ತದೆ.

3. ಈಗಾಗಲೇ ಇರುವ ಲಾಡ್ಜುಗಳ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಧರೆಗೆ ನೀರು ಬಸಿಯುವ ದಾರಿ ಇದೆಯಾ ಅಂತ ಮಳೆಗಾಲದ ಮೊದಲು ಪಂಚಾಯಿತಿಯವರು ಹೋಗಿ ನೋಡಬೇಕು. ಕೆಳಗಿನ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

4. ಅಂಚಿನ ಜಾಗ ಮಾರಲೇಬೇಕಾದ ಕಷ್ಟ ಯಾರಿಗಾದರೂ ಬಂದರೆ ಮೊದಲು ಕೆಳಗಿನ ಮನೆಗಳಿಗೆ ತಿಳಿಸಬೇಕು. ನಾಲ್ಕೈದು ಮನೆ ಸೇರಿ, ಸೊಸೈಟಿ ಸಾಲ ಮಾಡಿಯಾದರೂ ಆ ಬೇಣ ಊರಿನಲ್ಲೇ ಉಳಿಸಿಕೊಳ್ಳುವ ದಾರಿ ನೋಡುವ. ಇದು ಕಾನೂನಲ್ಲ, ಊರಿನ ಮರ್ಯಾದೆ. ಮೊದಲ ಕಂತಿಗೆ ನನ್ನ ಪಾಲು ಇದೆ ಅಂತ ಇಲ್ಲಿ ಎಲ್ಲರ ಎದುರು ಬರೆದಿದ್ದೇನೆ, ಆಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾಲ್ಕನೆಯದನ್ನು ಓದಿ ಕೆಲವರು ನಗಬಹುದು, ಅಡಿಕೆ ಬೆಳೆಗಾರರು ದುಡ್ಡು ಕೂಡಿಸಿ ಬೇಣ ಕೊಳ್ಳುತ್ತಾರಂತೆ ಅಂತ. 1981ರಲ್ಲೂ ನಗುವವರು ಇದ್ದಿರಬಹುದು.

ಪಹಣಿ ಝೆರಾಕ್ಸ್ ಕೊಟ್ಟ ಮನೆಯವರು ಇದನ್ನು ಓದುತ್ತೀರಿ ಅಂತ ಗೊತ್ತು. ಸಿಟ್ಟು ಬಂದರೆ ಫೋನು ಮಾಡಿ ಬೈಯಿರಿ, ಕೇಳುತ್ತೇನೆ. ಝೆರಾಕ್ಸ್ ಕೊಟ್ಟ ಮಾತ್ರಕ್ಕೆ ಏನೂ ಆಗಲಿಲ್ಲ, ಸಹಿ ಇನ್ನೂ ನಿಮ್ಮ ಕೈಯಲ್ಲೇ ಇದೆ. ದಲ್ಲಾಳಿ ಮುಂದಿನ ವಾರ ಬರುತ್ತಾನಂತೆ. ಅವನಿಗೆ ಚಾ ಕೊಡಿ, ಕವಳ ಕೊಡಿ, ಅಬ್ಬಿಯ ನೀರು ಒಂದು ಚೊಂಬು ಕೊಡಿ. ನೀರು ಎಲ್ಲಿಂದ ಬಂತು ಅಂತ ಅವನು ಕೇಳುವುದಿಲ್ಲ. ನೀವೇ ಹೇಳಿ ಕಳಿಸಿ.